ಊರಿನ ನೀರಿನ ಪರೀಕ್ಷೆ: ಜಾಕ್‌ವೆಲ್‌ನಿಂದ ಕೊನೆಯ ನಲ್ಲಿಯವರೆಗೆ

ಒಂದು ವಾರ್ಡಿನಲ್ಲಿ ಕಾಮಾಲೆ ಹರಡಿರುತ್ತದೆ. ಅದೇ ಹೊತ್ತಿಗೆ ಪುರಸಭೆಯ ಮೇಜಿನ ಮೇಲೆ ‘ಕುಡಿಯಲು ಯೋಗ್ಯ’ ಎಂಬ ಪ್ರಯೋಗಾಲಯದ ವರದಿಯೂ ಇರುತ್ತದೆ. ಎರಡೂ ನಿಜವಾಗಿರಬಹುದು. ವರದಿ ಬಂದದ್ದು ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಬೆಳಿಗ್ಗೆ ಹತ್ತಕ್ಕೆ ಹಿಡಿದ ನೀರಿಗೆ. ಜನ ಕುಡಿದದ್ದು ಮೂರು ದಿನ ಖಾಲಿ ಬಿದ್ದಿದ್ದ ಪೈಪಿನಲ್ಲಿ ನಸುಕಿನ ನಾಲ್ಕಕ್ಕೆ ಬಂದ ಮೊದಲ ಬಿಂದಿಗೆ ನೀರನ್ನು. ನೀರಿನ ಪರೀಕ್ಷೆಯಲ್ಲಿ ಉಪಕರಣಕ್ಕಿಂತ ಮೊದಲು ಕೇಳಬೇಕಾದದ್ದು ಇಷ್ಟೇ: ಎಲ್ಲಿ ಹಿಡಿದಿರಿ, ನೀರು ಬಿಟ್ಟು ಎಷ್ಟು ನಿಮಿಷಕ್ಕೆ ಹಿಡಿದಿರಿ?

ಬಯಲುಸೀಮೆಯ ಸುಮಾರು 60,000 ಜನರ ಪಟ್ಟಣವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ. ನದಿಯ ನೀರು ಜಾಕ್‌ವೆಲ್‌ನಿಂದ (ಪಂಪ್ ಇಟ್ಟು ನೀರೆತ್ತುವ ದಡದ ಬಾವಿ) ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಐದಾರು ಟ್ಯಾಂಕಿಗೆ ಬರುತ್ತದೆ. ಬೇಸಿಗೆಯಲ್ಲಿ ಹತ್ತಿಪ್ಪತ್ತು ಬೋರ್‌ವೆಲ್‌ಗಳ ನೀರು ನೇರವಾಗಿ ಪೈಪಿಗೆ ಸೇರುತ್ತದೆ. ಪ್ರತಿ ಬಡಾವಣೆಗೆ ಮೂರು ನಾಲ್ಕು ದಿನಕ್ಕೊಮ್ಮೆ ನೀರು. ಕರ್ನಾಟಕದ ಬಹುತೇಕ ಪುರಸಭೆ, ಪಟ್ಟಣ ಪಂಚಾಯಿತಿಗಳ ನೀರಿನ ದಾರಿ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಮೊದಲು ನಕ್ಷೆ, ಆಮೇಲೆ ಬಾಟಲಿ

ಕಚೇರಿಯಲ್ಲಿರುವ ನಕ್ಷೆಯನ್ನು ಪೂರ್ತಿ ನಂಬಬೇಡಿ. ವಾಲ್ವ್‌ಮನ್ ಜೊತೆ ಒಂದು ದಿನ ನಡೆಯಿರಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು, ಯಾವ ಬೋರ್‌ವೆಲ್ ಎಲ್ಲಿ ಜಾಲಕ್ಕೆ ಸೇರುತ್ತದೆ, ಯಾವ ಲೈನಿನ ತುದಿ ಮುಚ್ಚಿದೆ ಎಂಬುದು ಅವರ ಕೈಗೆ ಗೊತ್ತಿರುತ್ತದೆ. ದೊಡ್ಡ ಹಾಳೆಯ ಮೇಲೆ ಪೈಪಿನ ದಾರಿ ಗುರುತಿಸಿ, ಅದರ ಮೇಲೆ ಕೆಂಪು ಶಾಯಿಯಲ್ಲಿ ಅಪಾಯದ ಜಾಗಗಳನ್ನು ಹಾಕಿ. ಚರಂಡಿಯನ್ನು ದಾಟುವ ಅಥವಾ ಚರಂಡಿಯೊಳಗೇ ಹಾದುಹೋದ ಮನೆ ಸಂಪರ್ಕದ ಪೈಪುಗಳು, ಸದಾ ನೀರು ನಿಂತಿರುವ ವಾಲ್ವ್ ಗುಂಡಿಗಳು, ಪದೇಪದೇ ಒಡೆಯುವ ಜೋಡಣೆಗಳು, ತಗ್ಗಿನ ಓಣಿಗಳು, ಲೈನಿನ ಕೊನೆ, ಇತ್ತೀಚೆಗೆ ರಸ್ತೆ ಅಥವಾ ಒಳಚರಂಡಿಗಾಗಿ ಅಗೆದ ಜಾಗ, ಮನೆಯವರು ನಲ್ಲಿಗೆ ನೇರವಾಗಿ ಮೋಟರ್ ಹಾಕಿ ಎಳೆಯುವ ಬೀದಿಗಳು. ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀರು ಬಿಟ್ಟ ಹೊತ್ತಿನಲ್ಲಿ ಬೀದಿಯಲ್ಲಿ ನಿಂತರೆ ಮೋಟರಿನ ಸದ್ದು ಕೇಳುತ್ತದೆ.

ಟ್ಯಾಂಕುಗಳನ್ನು ಹತ್ತಿ ನೋಡಿ. ಮುಚ್ಚಳ ಸರಿಯಾಗಿ ಕೂರುತ್ತದೆಯೇ, ಗಾಳಿ ಕೊಳವೆಗೂ ಓವರ್‌ಫ್ಲೋ ಪೈಪಿಗೂ ಜಾಲರಿ ಇದೆಯೇ, ಒಳಗೆ ಪಾರಿವಾಳ ಸೇರುತ್ತಿದೆಯೇ, ತಳದಲ್ಲಿ ಎಷ್ಟು ಕೆಸರಿದೆ. ಕಂಬದ ಮೇಲೆ ಬಣ್ಣದಲ್ಲಿ ಬರೆದ ‘ಸ್ವಚ್ಛಗೊಳಿಸಿದ ದಿನಾಂಕ’ಕ್ಕೂ ತಳದ ಕೆಸರಿಗೂ ತಾಳೆಯಾಗದಿದ್ದರೆ ಕೆಸರನ್ನೇ ನಂಬಿ. ಬೋರ್‌ವೆಲ್ ಬಳಿ ಕೇಸಿಂಗ್ ನೆಲದಿಂದ ಕನಿಷ್ಠ ಒಂದಡಿ ಮೇಲಿರಬೇಕು, ಸುತ್ತ ಕಟ್ಟೆ ಬಿರುಕು ಬಿಟ್ಟಿರಬಾರದು, ಶೌಚಗುಂಡಿ, ತಿಪ್ಪೆ, ಕೊಟ್ಟಿಗೆ 15 ಮೀಟರ್ ಒಳಗೆ ಇರಬಾರದು. ಈ ಓಡಾಟಕ್ಕೆ ಖರ್ಚಿಲ್ಲ. ಅರ್ಧ ತೊಂದರೆ ಇಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಎಲ್ಲಿ, ಎಷ್ಟು ಮಾದರಿ

ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿಯ ಲೆಕ್ಕ ಸರಳ. ಒಂದು ಲಕ್ಷದವರೆಗಿನ ಜನಸಂಖ್ಯೆಗೆ ತಿಂಗಳಿಗೆ ಪ್ರತಿ 5,000 ಜನಕ್ಕೆ ಕನಿಷ್ಠ ಒಂದು ಸೂಕ್ಷ್ಮಾಣು ಮಾದರಿ. ಅಂದರೆ 60,000 ಜನರ ಊರಿಗೆ 12. ಈ ಹನ್ನೆರಡನ್ನೂ ಒಂದೇ ದಿನ ಜೀಪಿನಲ್ಲಿ ಸುತ್ತಿ ಹಿಡಿದು ಮುಗಿಸುವುದು ದೊಡ್ಡ ತಪ್ಪು. ತಿಂಗಳ ಉದ್ದಕ್ಕೂ ಹರಡಿ. 50,000 ದಾಟಿದ ಊರಿನಲ್ಲಿ ಎರಡು ಮಾದರಿಗಳ ನಡುವೆ 4 ದಿನಕ್ಕಿಂತ ಹೆಚ್ಚು ಅಂತರ ಇರಬಾರದು.

ಜಾಗಗಳನ್ನು ಬಿಡಿಬಿಡಿಯಾಗಿ ಆರಿಸದೆ ಸರಪಳಿಯಾಗಿ ಆರಿಸಿ: ಘಟಕದಿಂದ ಹೊರಡುವ ನೀರು, ಟ್ಯಾಂಕಿಗೆ ಬೀಳುವ ನೀರು, ಟ್ಯಾಂಕಿನಿಂದ ಇಳಿಯುವ ನೀರು, ಆ ಟ್ಯಾಂಕಿನ ಮೊದಲ ಮನೆ, ನಡುವಿನ ಮನೆ, ಕೊನೆಯ ಮನೆ. ಒಂಟಿ ಮಾದರಿ ಕೆಟ್ಟರೆ ‘ನೀರು ಕೆಟ್ಟಿದೆ’ ಎಂದಷ್ಟೇ ಗೊತ್ತಾಗುತ್ತದೆ. ಸರಪಳಿ ಇದ್ದರೆ ಯಾವ ಎರಡು ಬಿಂದುಗಳ ನಡುವೆ ಕೆಟ್ಟಿತು ಎಂಬುದು ಗೊತ್ತಾಗುತ್ತದೆ, ಅಗೆಯಬೇಕಾದ ಉದ್ದ 2 ಕಿಲೋಮೀಟರ್‌ನಿಂದ 200 ಮೀಟರ್‌ಗೆ ಇಳಿಯುತ್ತದೆ. ಮೂರನೇ ಒಂದು ಪಾಲು ಜಾಗಗಳನ್ನು ಪ್ರತಿ ತಿಂಗಳೂ ಹಾಗೆಯೇ ಇಟ್ಟುಕೊಳ್ಳಿ, ಉಳಿದದ್ದನ್ನು ಕೆಂಪು ಗುರುತಿನ ಜಾಗಗಳಲ್ಲಿ ತಿರುಗಿಸುತ್ತಿರಿ. ಶಾಲೆ, ಅಂಗನವಾಡಿ, ಆಸ್ಪತ್ರೆ, ಬಸ್ ನಿಲ್ದಾಣದ ನಲ್ಲಿಗಳು ಆ ಸುತ್ತಿನಲ್ಲಿ ಬರಲೇಬೇಕು.

ನಲ್ಲಿಯ ಆಯ್ಕೆಯಲ್ಲಿ ಎಚ್ಚರ ಬೇಕು. ಮನೆಯ ಅಡುಗೆಕೋಣೆಯ ನಲ್ಲಿಗೆ ಬರುವುದು ಸಾಮಾನ್ಯವಾಗಿ ಮನೆಯ ಸಂಪಿನಿಂದ ಮೇಲೇರಿದ ನೀರು. ಅದನ್ನು ಪರೀಕ್ಷಿಸಿದರೆ ಆ ಮನೆಯ ಸಂಪಿನ ಸ್ಥಿತಿ ತಿಳಿಯುತ್ತದೆಯೇ ಹೊರತು ಊರಿನ ಪೈಪಿನದಲ್ಲ. ಸಂಪಿಗೂ ಮುಂಚೆ, ಅಂಗಳದಲ್ಲಿ ನೇರ ಸಂಪರ್ಕದ ನಲ್ಲಿ ಬೇಕು. ಪೈಪಿನ ನೀರು ಒಳ್ಳೆಯದಿದ್ದೂ ಆ ಮನೆಯಲ್ಲಿ ಮಕ್ಕಳಿಗೆ ಭೇದಿಯಾಗುತ್ತಿದ್ದರೆ ಆಗ ಸಂಪಿನದ್ದು, ಕೊಡದ್ದು ಬೇರೆ ಮಾದರಿ ತೆಗೆಯಿರಿ.

ನೀರು ಬಿಟ್ಟ ಮೊದಲ ಹತ್ತು ನಿಮಿಷ

ದಿನದ 24 ಗಂಟೆ ಒತ್ತಡವಿರುವ ಪೈಪಿನಲ್ಲಿ ಸೋರಿಕೆ ಇದ್ದರೆ ನೀರು ಹೊರಗೆ ಹೋಗುತ್ತದೆ. ಒತ್ತಡವಿಲ್ಲದ ಪೈಪಿನಲ್ಲಿ ಅದೇ ರಂಧ್ರದಿಂದ ಹೊರಗಿನದು ಒಳಗೆ ಬರುತ್ತದೆ. ವಾಲ್ವ್ ಮುಚ್ಚಿದ ಮೇಲೆ ಎತ್ತರದ ಮನೆಗಳ ಪೈಪಿನ ನೀರು ತಗ್ಗಿನ ನಲ್ಲಿಗಳಿಗೆ ಇಳಿದು ಪೈಪಿನೊಳಗೆ ನಿರ್ವಾತ ಉಂಟಾಗುತ್ತದೆ, ನೇರ ಮೋಟರ್ ಹಾಕಿದವರು ಅದನ್ನು ಇನ್ನಷ್ಟು ಎಳೆಯುತ್ತಾರೆ. ಪಕ್ಕದಲ್ಲಿ ಚರಂಡಿ ಇದ್ದರೆ ಚರಂಡಿಯೇ ಒಳಗೆ. ಮತ್ತೆ ನೀರು ಬಿಟ್ಟಾಗ ಇದೆಲ್ಲವೂ, ಪೈಪಿನ ಗೋಡೆಗೆ ಹಿಡಿದ ಲೋಳೆಯೂ ಸೇರಿ, ಮೊದಲ ನಿಮಿಷಗಳಲ್ಲಿ ಹೊರಬೀಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ನಿರಂತರ ನೀರು ಬಂತು, ಉಳಿದವು ಹಳೆಯ ಸರದಿಯಲ್ಲೇ ಉಳಿದವು. ಎರಡೂ ಕಡೆಯ ನಲ್ಲಿ ನೀರನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರದಿಯ ನೀರಿನಲ್ಲೇ ಇ. ಕೋಲಿ (ನೀರಿಗೆ ಮಲ ಸೇರಿದೆ ಎಂದು ತೋರುವ ಬ್ಯಾಕ್ಟೀರಿಯಾ) ಹೆಚ್ಚಾಗಿ ಸಿಕ್ಕಿತು.

ಸೂಕ್ಷ್ಮಾಣು ಮಾದರಿಗೆ ‘ನಲ್ಲಿಯನ್ನು 2–3 ನಿಮಿಷ ಹರಿಯಲು ಬಿಟ್ಟು ಹಿಡಿಯಿರಿ’ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಅದು ಮುಖ್ಯ ಕೊಳವೆಯ ನೀರು ಹೇಗಿದೆ ಎಂದು ತಿಳಿಯಲು. ಸರದಿಯ ಊರಿನಲ್ಲಿ ಇಷ್ಟಕ್ಕೇ ನಿಂತರೆ ಕೆಟ್ಟ ನೀರನ್ನು ನೀವೇ ಮೋರಿಗೆ ಬಿಟ್ಟು ಒಳ್ಳೆಯದನ್ನು ಬಾಟಲಿಗೆ ತುಂಬಿದಂತೆ. ಆದ್ದರಿಂದ ಒಂದು ಸರದಿಗೆ ಒಂದೇ ನಲ್ಲಿಯಲ್ಲಿ ಮೂರು ಮಾದರಿ ತೆಗೆಯಿರಿ: ನೀರು ಬರುತ್ತಿದ್ದಂತೆಯೇ ಮೊದಲ ಎರಡು ನಿಮಿಷದೊಳಗೆ ಒಂದು, 15ರಿಂದ 20ನೇ ನಿಮಿಷಕ್ಕೆ ಒಂದು, ಒತ್ತಡ ಇಳಿದು ನೂಲಿನಂತೆ ಬರುವ ಕೊನೆಗೆ ಒಂದು. ಮೊದಲನೆಯದಕ್ಕಾಗಿ ನೀರು ಬರುವ ಮುಂಚೆಯೇ ನಲ್ಲಿಯ ಬಾಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಡಿ. ಮೊದಲನೆಯದು ಮಾತ್ರ ಕೆಟ್ಟಿದ್ದರೆ ಮೊದಲ ಹತ್ತು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡಿ ಎಂದು ಜನರಿಗೆ ಹೇಳಬಹುದು, ಅಷ್ಟರಲ್ಲಿ ಸೋರಿಕೆ ಹುಡುಕಬಹುದು. ಮೂರೂ ಕೆಟ್ಟಿದ್ದರೆ ತೊಂದರೆ ಟ್ಯಾಂಕಿನಲ್ಲಿ ಅಥವಾ ಅದರ ಹಿಂದೆ. ಕೊನೆಯದು ಮಾತ್ರ ಕೆಟ್ಟಿದ್ದರೆ ಮೋಟರ್ ಎಳೆತದ ಮೇಲೆ ಅನುಮಾನ ಇಡಿ.

ಉಳಿಕೆ ಕ್ಲೋರಿನ್: ದಿನವೂ ಮಾಡಬೇಕಾದ ಪರೀಕ್ಷೆ

ಸೂಕ್ಷ್ಮಾಣು ಪರೀಕ್ಷೆಯ ಉತ್ತರ ಬರಲು ಎರಡು ದಿನ. ಅಷ್ಟರಲ್ಲಿ ನೀರು ಕುಡಿದಾಗಿರುತ್ತದೆ. ಉಳಿಕೆ ಕ್ಲೋರಿನ್, ಅಂದರೆ ಹಾಕಿದ್ದರಲ್ಲಿ ಖರ್ಚಾಗದೆ ನೀರಿನಲ್ಲಿ ಉಳಿದದ್ದು, ಒಂದು ನಿಮಿಷದಲ್ಲಿ ಮಾತಾಡುತ್ತದೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಗ್ರಾಹಕರ ನಲ್ಲಿಯಲ್ಲಿ ಮುಕ್ತ ಉಳಿಕೆ ಕ್ಲೋರಿನ್ ಲೀಟರ್‌ಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು, 1 ಮೀರಬಾರದು. ವೈರಸ್ ಭಯವಿದ್ದಾಗ, ಅಂದರೆ ಕಾಮಾಲೆಯಂಥ ರೋಗ ಕಂಡಾಗ, ಕನಿಷ್ಠ 0.5. ಕಾಮಾಲೆಯ ವೈರಸ್‌ಗಳು ಇ. ಕೋಲಿಗಿಂತ ಗಟ್ಟಿ. ಇ. ಕೋಲಿ ಸತ್ತ ನೀರಿನಲ್ಲೂ ಅವು ಉಳಿದಿರಬಹುದು.

ಅನೇಕ ಊರುಗಳಲ್ಲಿ ಹಳದಿ ಬಣ್ಣ ತೋರುವ ಆರ್ಥೋಟೊಲಿಡಿನ್ ಕಿಟ್ ಇನ್ನೂ ಬಳಕೆಯಲ್ಲಿದೆ. ಆ ರಾಸಾಯನಿಕ ಮನುಷ್ಯರಿಗೆ ಹಾನಿಕರ, ಮುಕ್ತ ಕ್ಲೋರಿನ್ ಯಾವುದು ಅಮೋನಿಯಾದ ಜೊತೆ ಸೇರಿದ್ದು ಯಾವುದು ಎಂದು ಸರಿಯಾಗಿ ಬೇರ್ಪಡಿಸುವುದಿಲ್ಲ, ಕಬ್ಬಿಣ, ಮ್ಯಾಂಗನೀಸ್ ಇದ್ದರೂ ಹಳದಿಯಾಗುತ್ತದೆ. ಗುಲಾಬಿ ಬಣ್ಣದ ಡಿಪಿಡಿ ಕಿಟ್‌ಗೆ ಬದಲಾಯಿಸಿ. ವಿಧಾನ ಹೀಗೆ:

1. ಗಾಜಿನ ಕೊಳವೆಯನ್ನು ಅದೇ ನಲ್ಲಿ ನೀರಿನಲ್ಲಿ ಮೂರು ಸಲ ತೊಳೆದು 10 ಮಿ.ಲೀ. ಗುರುತಿನವರೆಗೆ ತುಂಬಿ.
2. ಡಿಪಿಡಿ 1ನೇ ನಂಬರಿನ ಮಾತ್ರೆಯನ್ನು ಬೆರಳು ತಾಗಿಸದೆ ನೇರ ಕೊಳವೆಗೆ ಒಡೆದು ಹಾಕಿ, ಪುಡಿಮಾಡಿ ಕರಗಿಸಿ.
3. ಒಂದು ನಿಮಿಷದೊಳಗೆ, ನೆರಳಿನಲ್ಲಿ, ಬಿಳಿ ಹಿನ್ನೆಲೆಯಲ್ಲಿ ಹಿಡಿದು ಬಣ್ಣದ ಪಟ್ಟಿಗೆ ಹೋಲಿಸಿ. ಇದು ಮುಕ್ತ ಕ್ಲೋರಿನ್.
4. ಅದೇ ಕೊಳವೆಗೆ 3ನೇ ನಂಬರಿನ ಮಾತ್ರೆ ಹಾಕಿ ಎರಡು ನಿಮಿಷ ಬಿಟ್ಟು ಓದಿ. ಇದು ಒಟ್ಟು ಕ್ಲೋರಿನ್.
5. ಕೊಳವೆಯನ್ನು ಚೆನ್ನಾಗಿ ತೊಳೆಯಿರಿ. 3ನೇ ನಂಬರಿನ ಚೂರು ಉಳಿದರೆ ಮುಂದಿನ ಮನೆಯ ಮುಕ್ತ ಕ್ಲೋರಿನ್ ಸುಳ್ಳೇ ಹೆಚ್ಚಾಗಿ ಕಾಣುತ್ತದೆ.

ನೀರನ್ನು ಬಾಟಲಿಯಲ್ಲಿ ಹಿಡಿದು ಕಚೇರಿಗೆ ತಂದು ನೋಡುವುದು ವ್ಯರ್ಥ. ಬಿಸಿಲಿನಲ್ಲಿ ಕ್ಲೋರಿನ್ ದಾರಿಯಲ್ಲೇ ಹಾರಿಹೋಗುತ್ತದೆ. ಇನ್ನೊಂದು ಮೋಸವೂ ಉಂಟು: ಮಾತ್ರೆ ಬಿದ್ದ ಕೂಡಲೇ ಗುಲಾಬಿ ಮಿಂಚಿ ಮಾಯವಾದರೆ ಕ್ಲೋರಿನ್ ಸೊನ್ನೆ ಎಂದು ಬರೆದುಬಿಡುತ್ತಾರೆ. ನಿಜಕ್ಕೂ ಕ್ಲೋರಿನ್ ವಿಪರೀತ ಇದ್ದಾಗ ಅದು ಬಣ್ಣವನ್ನೇ ಬಿಳಿಚಿಸುತ್ತದೆ. 1 ಮಿ.ಲೀ. ನೀರಿಗೆ 9 ಮಿ.ಲೀ. ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ನೋಡಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ.

ಇನ್ನು ಅಂಕಿಗಳನ್ನು ಓದುವುದು. ಟ್ಯಾಂಕಿನಿಂದ ಇಳಿಯುವಾಗ 0.8, ನಡುವೆ 0.5, ತುದಿಯಲ್ಲಿ 0.3 ಇದ್ದರೆ ಸಹಜ ಇಳಿಕೆ. ಅಕ್ಕಪಕ್ಕದ ಬೀದಿಗಳಲ್ಲಿ 0.4 ಇದ್ದು ಒಂದು ಓಣಿಯಲ್ಲಿ ಮಾತ್ರ ಸೊನ್ನೆ ಬಂದರೆ ಆ ಓಣಿಯ ಪೈಪಿನಲ್ಲಿ ಹೊರಗಿನ ಕೊಳೆ ಸೇರುತ್ತಿದೆ ಅಥವಾ ಕ್ಲೋರಿನ್ ಕಾಣದ ಬೋರ್‌ವೆಲ್ ನೀರು ಅಲ್ಲಿಗೆ ಹೋಗುತ್ತಿದೆ. ಒಟ್ಟು 0.6 ಇದ್ದು ಮುಕ್ತ ಸೊನ್ನೆ ಇದ್ದರೆ ನೀರಿನಲ್ಲಿ ಅಮೋನಿಯಾ ಇದೆ ಎಂದರ್ಥ. ಊರಿನ ಪೈಪಿನಲ್ಲಿ ಅದಕ್ಕೆ ಮೊದಲ ಅನುಮಾನ ಒಳಚರಂಡಿಯ ಮೇಲೆಯೇ. ಆ ಸಂಜೆಯೇ ಅಗೆಯಲು ಜನರನ್ನು ಕರೆಯಿರಿ, ಸೂಕ್ಷ್ಮಾಣು ವರದಿಗೆ ಕಾಯಬೇಡಿ.

ಎಷ್ಟು ಬ್ಲೀಚಿಂಗ್ ಪೌಡರ್ ಬೇಕು

‘ಟ್ಯಾಂಕಿಗೆ ಎರಡು ಬೊಗಸೆ’ ಎಂಬ ಲೆಕ್ಕದಿಂದ ಹೊರಬರಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲ, ತೇವದ ಗೋದಾಮು, ಏಪ್ರಿಲ್ ಸೆಕೆ ಸೇರಿದರೆ ಕೆಲವೇ ವಾರಗಳಲ್ಲಿ ಅದು ಬಹಳ ಇಳಿಯುತ್ತದೆ. ಹೊಸ ಚೀಲ ಬಂದಾಗಲೂ, ಆಮೇಲೆ ತಿಂಗಳಿಗೊಮ್ಮೆಯೂ ಪ್ರಯೋಗಾಲಯದಲ್ಲಿ ಅದರ ಶಕ್ತಿ ನೋಡಿಸಿ.

ಆಮೇಲೆ ನೀರು ಎಷ್ಟು ಕ್ಲೋರಿನ್ ‘ತಿನ್ನುತ್ತದೆ’ ಎಂದು ನೋಡಿ. ಪೌಡರ್ 25% ಎಂದುಕೊಳ್ಳಿ. 4 ಗ್ರಾಂ ಪೌಡರನ್ನು 100 ಮಿ.ಲೀ. ನೀರಿಗೆ ಕಲಸಿ, ತಿಳಿಯಾಗಲು ಬಿಟ್ಟು, ಆ ತಿಳಿಯಲ್ಲಿ 10 ಮಿ.ಲೀ. ತೆಗೆದು 100 ಮಿ.ಲೀ.ಗೆ ತನ್ನಿ. ಈಗ ಇದರ 1 ಮಿ.ಲೀ.ನಲ್ಲಿ 1 ಮಿ.ಗ್ರಾಂ ಕ್ಲೋರಿನ್ ಇದೆ. ಟ್ಯಾಂಕಿನ ನೀರು ತುಂಬಿದ ನಾಲ್ಕು ಒಂದು ಲೀಟರ್ ಬಾಟಲಿಗಳಿಗೆ ಕ್ರಮವಾಗಿ 1, 2, 3, 4 ಮಿ.ಲೀ. ಹಾಕಿ ಮುಚ್ಚಿ, ನೆರಳಿನಲ್ಲಿ 30 ನಿಮಿಷ ಇಟ್ಟು ಡಿಪಿಡಿಯಿಂದ ನೋಡಿ. ಯಾವ ಬಾಟಲಿಯಲ್ಲಿ ನಿಮಗೆ ಬೇಕಾದ ಉಳಿಕೆ ಇದೆಯೋ ಅದೇ ಪ್ರಮಾಣ. 1ಕ್ಕೂ 2ಕ್ಕೂ ನಡುವೆ ಬಿದ್ದರೆ 1.5. ಎರಡು ಲಕ್ಷ ಲೀಟರ್ ಟ್ಯಾಂಕಿಗೆ ಲೀಟರ್‌ಗೆ 1.5 ಮಿ.ಗ್ರಾಂನಂತೆ 300 ಗ್ರಾಂ ಕ್ಲೋರಿನ್ ಬೇಕು. 25% ಪೌಡರ್ ಆದರೆ 1.2 ಕೆ.ಜಿ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯದೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ, ಟ್ಯಾಂಕಿಗೆ ನೀರು ಬೀಳುವಾಗಲೇ ಬಿಡಿ. ನೀರು ಊರಿಗೆ ಹೊರಡುವ ಮುಂಚೆ ಅರ್ಧ ಗಂಟೆ ಸಿಗಬೇಕು.

ಇದೆಲ್ಲ ಮಾಡಿದರೂ ಕ್ಲೋರಿನ್ ಕೆಲಸ ಮಾಡದಿರಲು ಎರಡು ಕಾರಣ. ಒಂದು, ಕದಡಿದ ನೀರು. ಮಣ್ಣಿನ ಕಣದೊಳಗೆ ಸೂಕ್ಷ್ಮಾಣು ಅಡಗಿರುತ್ತದೆ. ಮಾನಕದಲ್ಲಿ ಕದಡು 1 ಎನ್‌ಟಿಯು (ಕದಡನ್ನು ಅಳೆಯುವ ಏಕಮಾನ), ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ. ಎರಡು, ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರ ಗುಣದ ಅಳತೆ. 7.5ರಲ್ಲಿ ಕ್ಲೋರಿನ್‌ನ ಅರ್ಧದಷ್ಟು ಚುರುಕಾದ ರೂಪದಲ್ಲಿರುತ್ತದೆ, 8.5ರಲ್ಲಿ ಹತ್ತನೇ ಒಂದು ಪಾಲು ಮಾತ್ರ. ಬೇಸಿಗೆಯಲ್ಲಿ ಕೆರೆ, ಜಲಾಶಯದ ಹಿನ್ನೀರು ಹಸಿರುಗಟ್ಟಿದಾಗ ಪಾಚಿಯಿಂದಾಗಿ ಮಧ್ಯಾಹ್ನದ ಪಿಎಚ್ ಏರುತ್ತದೆ. ಬೆಳಗಿನ ಅಂಕಿ ನೋಡಿ ಹಾಕಿದ ಕ್ಲೋರಿನ್ ಮಧ್ಯಾಹ್ನಕ್ಕೆ ಸಾಲುವುದಿಲ್ಲ. ಅಂಥ ದಿನಗಳಲ್ಲಿ ಜಾಕ್‌ವೆಲ್ ಬಳಿ ನಸುಕಿಗೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಪಿಎಚ್ ನೋಡಿ. ಮೊದಲ ಮಳೆಯ ಕೆಂಪು ನೀರು ಬಂದ ವಾರ ಕದಡನ್ನು ಎರಡು ಗಂಟೆಗೊಮ್ಮೆ ನೋಡಿದರೂ ಹೆಚ್ಚಲ್ಲ.

ಸೂಕ್ಷ್ಮಾಣು ಮಾದರಿ ಹಿಡಿಯುವ ಕ್ರಮ

ಪ್ರಯೋಗಾಲಯ ಕೊಡುವ ಕ್ರಿಮಿಶುದ್ಧ ಬಾಟಲಿಯನ್ನೇ ಬಳಸಿ. ಮಿನರಲ್ ವಾಟರ್ ಬಾಟಲಿ ತೊಳೆದು ಕೊಟ್ಟರೆ ವರದಿ ಬಾಟಲಿಯದ್ದಾಗಿರುತ್ತದೆ. ಕ್ಲೋರಿನ್ ಹಾಕಿದ ನೀರಾದರೆ ಬಾಟಲಿಯೊಳಗೆ ಸೋಡಿಯಂ ಥಯೋಸಲ್ಫೇಟ್ ಇರಲೇಬೇಕು: 120 ಮಿ.ಲೀ. ಬಾಟಲಿಗೆ 3% ದ್ರಾವಣದ 0.1 ಮಿ.ಲೀ., ಕ್ರಿಮಿಶುದ್ಧ ಮಾಡುವ ಮೊದಲೇ ಹಾಕಿದ್ದು. ಇಲ್ಲದಿದ್ದರೆ ದಾರಿಯುದ್ದಕ್ಕೂ ಬಾಟಲಿಯಲ್ಲಿ ಕ್ಲೋರಿನ್ ಸೂಕ್ಷ್ಮಾಣುಗಳನ್ನು ಕೊಲ್ಲುತ್ತ ಹೋಗುತ್ತದೆ, ನಲ್ಲಿಯಲ್ಲಿ ಇದ್ದದ್ದು ಪ್ರಯೋಗಾಲಯದಲ್ಲಿ ಇರುವುದಿಲ್ಲ.

ನಲ್ಲಿಗೆ ಕಟ್ಟಿದ ಬಟ್ಟೆ, ರಬ್ಬರ್ ಪೈಪು, ಜಾಲರಿ ಬಿಚ್ಚಿ. ಸೋರುವ ನಲ್ಲಿ ಬೇಡ, ಹೊರಮೈ ಮೇಲೆ ಹರಿದ ನೀರು ಬಾಟಲಿಗೆ ಬರುತ್ತದೆ. ಲೋಹದ ನಲ್ಲಿಯಾದರೆ ಸ್ಪಿರಿಟ್ ಹತ್ತಿಯ ಜ್ವಾಲೆಯಿಂದ ಸುಡಿ, ಪ್ಲಾಸ್ಟಿಕ್ ಆದರೆ ಸ್ಪಿರಿಟ್‌ನಲ್ಲಿ ಒರೆಸಿ. ಮೊದಲ ನಿಮಿಷದ ಮಾದರಿಯನ್ನು ಬಿಟ್ಟು ಉಳಿದವಕ್ಕೆ ಎರಡು ಮೂರು ನಿಮಿಷ ನೀರು ಹರಿಸಿ. ಬಾಟಲಿಯನ್ನು ತೊಳೆಯಬೇಡಿ, ಒಳಗಿನ ಥಯೋಸಲ್ಫೇಟ್ ಹೋಗಿಬಿಡುತ್ತದೆ. ಮುಚ್ಚಳವನ್ನು ಕೆಳಗಿಡದೆ ಕೈಯಲ್ಲೇ ಬಾಯಿ ಕೆಳಗಾಗಿ ಹಿಡಿದು, ಮೇಲೆ ಒಂದಿಂಚು ಗಾಳಿ ಬಿಟ್ಟು ತುಂಬಿ ಮುಚ್ಚಿ. ಪೂರ್ತಿ ತುಂಬಿದರೆ ಪ್ರಯೋಗಾಲಯದಲ್ಲಿ ಕುಲುಕಲು ಆಗುವುದಿಲ್ಲ. ಅದೇ ನಲ್ಲಿಯ ಉಳಿಕೆ ಕ್ಲೋರಿನ್ ಓದಿ ಚೀಟಿಯಲ್ಲಿ ಬರೆಯಿರಿ. ಈ ಅಂಕಿ ಇಲ್ಲದ ಸೂಕ್ಷ್ಮಾಣು ವರದಿ ಅರ್ಧ ವರದಿ.

ಐಸ್ ಪೆಟ್ಟಿಗೆಯಲ್ಲಿ 10 ಡಿಗ್ರಿಗಿಂತ ಕೆಳಗಿಟ್ಟು 6 ಗಂಟೆಯೊಳಗೆ ತಲುಪಿಸಿ, ತೀರಾ ದೂರವಾದರೂ 24 ಗಂಟೆ ಮೀರಬಾರದು. ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ. ಕರಗಿದ ನೀರಿನಲ್ಲಿ ಮುಳುಗಿದ ಬಾಟಲಿಯ ಮುಚ್ಚಳದೊಳಗೆ ಆ ನೀರು ಸೇರುತ್ತದೆ. ಶುಕ್ರವಾರ, ಶನಿವಾರ ಕಳಿಸಬೇಡಿ, 24 ಮತ್ತು 48 ಗಂಟೆಗೆ ನೋಡಬೇಕಾದ ಕೊಳವೆಗಳು ರಜೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಮಿತಿ ಸ್ಪಷ್ಟ: ಯಾವ 100 ಮಿ.ಲೀ.ನಲ್ಲೂ ಇ. ಕೋಲಿ ಕಾಣಬಾರದು. ‘ಸ್ವಲ್ಪವೇ ಇದೆ’ ಎಂಬ ಮಾತಿಗೆ ಜಾಗವಿಲ್ಲ.

ನೀರು ಕಪ್ಪಾದರೆ ಮಲಿನ ಎನ್ನುವ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಶೀಶೆ ವಾರ್ಡ್ ಮಟ್ಟದಲ್ಲಿ ಒಳ್ಳೆಯ ಕಾವಲುಗಾರ. 1982ರಲ್ಲಿ ಭಾರತದಲ್ಲೇ ರೂಪುಗೊಂಡ ಪರೀಕ್ಷೆ ಇದು. ಗುರುತಿನವರೆಗೆ ತುಂಬಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟರೆ ಸಾಕು. ಆದರೆ ಕೊಳೆತ ಮೊಟ್ಟೆಯ ವಾಸನೆಯ ಬೋರ್‌ವೆಲ್ ನೀರು ಮಲವಿಲ್ಲದೆಯೂ ಕಪ್ಪಾಗಬಹುದು, ಥಯೋಸಲ್ಫೇಟ್ ಇಲ್ಲದ ಶೀಶೆಯಲ್ಲಿ ಕ್ಲೋರಿನ್ ನೀರು ಸುಳ್ಳೇ ತಿಳಿಯಾಗಿ ಉಳಿಯಬಹುದು. ಕಪ್ಪಾದದ್ದನ್ನು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿ. ಬಳಸಿದ ಶೀಶೆಗೆ ಬ್ಲೀಚಿಂಗ್ ದ್ರಾವಣ ಸುರಿದು ಒಂದು ಗಂಟೆ ಬಿಟ್ಟೇ ಎಸೆಯಿರಿ.

ಬೋರ್‌ವೆಲ್ ನೀರಿನ ರಾಸಾಯನಿಕ ಪರೀಕ್ಷೆ

ಪ್ರತಿ ಬೋರ್‌ವೆಲ್‌ಗೂ ವರ್ಷಕ್ಕೆ ಎರಡು ಸಲ, ಬೇಸಿಗೆಯ ಕೊನೆಗೆ ಮತ್ತು ಮಳೆ ಮುಗಿದ ಮೇಲೆ ಪೂರ್ಣ ರಾಸಾಯನಿಕ ಪರೀಕ್ಷೆ ಬೇಕು. ಹೊಸದನ್ನು ಜಾಲಕ್ಕೆ ಸೇರಿಸುವ ಮುಂಚೆ ಕಡ್ಡಾಯ. ಟ್ಯಾಂಕಿನಲ್ಲಿ ಬೆರೆತ ನೀರನ್ನು ಮಾತ್ರ ನೋಡಿದರೆ ಕೆಟ್ಟ ಬೋರ್‌ವೆಲ್ ಒಳ್ಳೆಯದರ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ. ಅದೇ ಬೋರ್‌ವೆಲ್ ರಾತ್ರಿ ಒಂದು ಬೀದಿಗೆ ನೇರ ಹೋಗುತ್ತಿರಬಹುದು. ಪಂಪನ್ನು ಕನಿಷ್ಠ 10–15 ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಎರಡು ಲೀಟರ್ ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕಂಠಪೂರ್ತಿ ತುಂಬಿ. ಫ್ಲೋರೈಡ್‌ಗೆ ಗಾಜಿನ ಬಾಟಲಿ ಬೇಡ. ಕಬ್ಬಿಣ, ಆರ್ಸೆನಿಕ್, ಯುರೇನಿಯಂ ನೋಡಿಸುವುದಾದರೆ ಬೇರೊಂದು ಬಾಟಲಿಗೆ ಲೀಟರ್‌ಗೆ ಸುಮಾರು 2 ಮಿ.ಲೀ. ಗಟ್ಟಿ ನೈಟ್ರಿಕ್ ಆಮ್ಲ ಹಾಕಿಸಿ. ಇಲ್ಲದಿದ್ದರೆ ಕಬ್ಬಿಣ ದಾರಿಯಲ್ಲೇ ತುಕ್ಕಾಗಿ ಬಾಟಲಿಯ ಗೋಡೆಗೆ ಹಿಡಿದು ವರದಿಯಲ್ಲಿ ಕಡಿಮೆ ಕಾಣುತ್ತದೆ.

ಮಿತಿಗಳು, ಲೀಟರ್‌ಗೆ ಮಿ.ಗ್ರಾಂನಲ್ಲಿ, ಮೊದಲನೆಯದು ಅಪೇಕ್ಷಣೀಯ, ಎರಡನೆಯದು ಬೇರೆ ಮೂಲ ಇಲ್ಲದಾಗ ಒಪ್ಪುವ ಗರಿಷ್ಠ: ಕರಗಿದ ಲವಣ 500 ಮತ್ತು 2,000, ಗಡಸುತನ 200 ಮತ್ತು 600, ಕ್ಲೋರೈಡ್ 250 ಮತ್ತು 1,000, ಫ್ಲೋರೈಡ್ 1.0 ಮತ್ತು 1.5. ನೈಟ್ರೇಟ್ 45, ಆರ್ಸೆನಿಕ್ 0.01, ಯುರೇನಿಯಂ 0.03ಕ್ಕೆ ರಿಯಾಯಿತಿ ಇಲ್ಲ. ಕಬ್ಬಿಣಕ್ಕೆ ಈಗ 1.0, ಹಳೆಯ ಪಟ್ಟಿಗಳಲ್ಲಿ 0.3 ಎಂದಿರುತ್ತದೆ. ಪಿಎಚ್ 6.5ರಿಂದ 8.5.

ಎಲ್ಲ ಊರಿಗೂ ಒಂದೇ ಪಟ್ಟಿ ಸಾಲದು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ರಾಯಚೂರಿನ ಕಡೆ ಫ್ಲೋರೈಡ್ ತಪ್ಪಿಸುವಂತಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್‌ಗಳಲ್ಲಿ ಯುರೇನಿಯಂ ನೋಡಿಸಬೇಕು. ಯಾದಗಿರಿ, ರಾಯಚೂರಿನ ಚಿನ್ನದ ಗಣಿ ಪಟ್ಟಿಯಲ್ಲಿ ಆರ್ಸೆನಿಕ್. ಕರಾವಳಿಯ ಮುರಕಲ್ಲಿನ ಬಾವಿಗಳಲ್ಲಿ ಪಿಎಚ್ 6.5ಕ್ಕಿಂತ ಕೆಳಗಿರುವುದು ಸಾಮಾನ್ಯ, ಸಮುದ್ರ ಹತ್ತಿರವಿದ್ದರೆ ಬೇಸಿಗೆಯ ಕ್ಲೋರೈಡ್ ಗಮನಿಸಬೇಕು.

ನೈಟ್ರೇಟ್ ವರದಿಯಲ್ಲಿ ಘಟಕ ನೋಡದೆ ಮೋಸಹೋಗುವವರು ಬಹಳ. ‘ನೈಟ್ರೇಟ್’ ಎಂದು ಅಳೆದರೆ ಮಿತಿ 45, ‘ನೈಟ್ರೋಜನ್’ ಎಂದು ಅಳೆದರೆ ಅದೇ ಮಿತಿ ಸುಮಾರು 10. ವರದಿಯಲ್ಲಿ 18 ಎಂದಿದ್ದು ಅದು ನೈಟ್ರೋಜನ್ ಆಗಿದ್ದರೆ 4.43ರಿಂದ ಗುಣಿಸಿ: 80 ಆಗುತ್ತದೆ. ಆ ನೀರನ್ನು ಕೂಸುಗಳಿಗೆ ಕೊಡಬಾರದು. ಊರೊಳಗಿನ ಒಂದು ಬೋರ್‌ವೆಲ್‌ನಲ್ಲಿ ನೈಟ್ರೇಟ್, ಕ್ಲೋರೈಡ್ ಎರಡೂ ಹಿಂದಿನ ವರ್ಷಕ್ಕಿಂತ ಒಟ್ಟಿಗೆ ಏರಿದ್ದರೆ ಹತ್ತಿರದ ಶೌಚಗುಂಡಿಗಳ ನೀರು ಅಲ್ಲಿಗೆ ಇಳಿಯುತ್ತಿದೆ ಎಂಬ ಅನುಮಾನ ಬಲವಾಗುತ್ತದೆ.

ಜೇಬಿನ ಟಿಡಿಎಸ್ (ಕರಗಿದ ಲವಣದ) ಮೀಟರ್ ಅಳೆಯುವುದು ವಿದ್ಯುತ್ ಹರಿಯುವ ಗುಣವನ್ನು, ಅದರಿಂದ ಲವಣದ ಅಂದಾಜು. ಸೂಕ್ಷ್ಮಾಣು, ಫ್ಲೋರೈಡ್, ಆರ್ಸೆನಿಕ್ ಯಾವುದನ್ನೂ ಅದು ಹೇಳುವುದಿಲ್ಲ. ‘ಟಿಡಿಎಸ್ 150, ನೀರು ಶುದ್ಧ’ ಎಂಬ ಮಾತು ಎಲ್ಲಿ ಕೇಳಿದರೂ ತಿದ್ದಿ. ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇದೇ ತಪ್ಪು ನಡೆಯುತ್ತದೆ: ಪೊರೆಯಿಂದ ಹೊರಬಂದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಆಮೇಲಿನ ಸಂಗ್ರಹ ಟ್ಯಾಂಕು ತೊಳೆಯದಿದ್ದರೆ ಸೂಕ್ಷ್ಮಾಣು ಅಲ್ಲೇ ಬೆಳೆಯುತ್ತದೆ. ಕ್ಯಾನ್ ತುಂಬುವ ನಲ್ಲಿಯಿಂದಲೂ ತಿಂಗಳಿಗೊಂದು ಸೂಕ್ಷ್ಮಾಣು ಮಾದರಿ ಇರಲಿ.

ಫ್ಲೋರೈಡ್‌ನಲ್ಲಿ ಬಣ್ಣದ ಪರೀಕ್ಷೆಗೆ ಒಂದು ದೌರ್ಬಲ್ಯವಿದೆ. ಆಲಂ (ಪಟಿಕ) ಹಾಕಿದ ನೀರಿನಲ್ಲಿ ಉಳಿದ ಅಲ್ಯೂಮಿನಿಯಂ ಫ್ಲೋರೈಡನ್ನು ಹಿಡಿದಿಟ್ಟು ಕಡಿಮೆ ತೋರಿಸುತ್ತದೆ, ಕ್ಲೋರಿನ್ ಬಣ್ಣ ಕೆಡಿಸುತ್ತದೆ. 1.3–1.7ರ ನಡುವೆ ಬಂದ ಎಲ್ಲ ಮಾದರಿಗಳನ್ನೂ ಎಲೆಕ್ಟ್ರೋಡ್ ಇರುವ ಪ್ರಯೋಗಾಲಯದಲ್ಲಿ ಮತ್ತೆ ನೋಡಿಸಿ.

ಪ್ರಯೋಗಾಲಯವನ್ನೂ ಪರೀಕ್ಷಿಸಿ

ಮೂರು ತಿಂಗಳಿಗೊಮ್ಮೆ ಒಂದೇ ನೀರನ್ನು ಎರಡು ಬೇರೆ ಸಂಖ್ಯೆ ಹಾಕಿ ಕಳಿಸಿ. ಗಡಸುತನ ಒಂದರಲ್ಲಿ 340, ಇನ್ನೊಂದರಲ್ಲಿ 520 ಬಂದರೆ ಮಾತಾಡಬೇಕು. ಜೊತೆಗೆ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ. ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಸಹಾಯ ಸಿಕ್ಕರೆ ತಿಳಿದ ಪ್ರಮಾಣದ ಮಾದರಿಯನ್ನೂ ಮಾಡಿಸಬಹುದು: ಡಿಸ್ಟಿಲ್ಡ್ ವಾಟರ್‌ನಲ್ಲಿ 0.221 ಗ್ರಾಂ ಸೋಡಿಯಂ ಫ್ಲೋರೈಡ್ ಕರಗಿಸಿ ಒಂದು ಲೀಟರ್‌ಗೆ ತಂದು, ಅದರ 10 ಮಿ.ಲೀ. ಮತ್ತೆ ಒಂದು ಲೀಟರ್‌ಗೆ ತಂದರೆ ಫ್ಲೋರೈಡ್ ಸರಿಯಾಗಿ 1.0. ಅದು ವಿಷದ ಲವಣ, ಕಚೇರಿಯಲ್ಲಿ ಮಾಡುವ ಕೆಲಸವಲ್ಲ. ವರದಿಯೊಳಗೂ ತಾಳೆ ನೋಡಿ. ಕರಗಿದ ಲವಣವನ್ನು ವಿದ್ಯುತ್ ವಾಹಕತೆಯಿಂದ ಭಾಗಿಸಿದರೆ ಸಾಮಾನ್ಯವಾಗಿ 0.55ರಿಂದ 0.75 ಬರುತ್ತದೆ. ಒಟ್ಟು ಕೋಲಿಫಾರ್ಮ್‌ಗಿಂತ (ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾ ಗುಂಪು) ಇ. ಕೋಲಿ ಹೆಚ್ಚೆಂದು ಬರೆದಿದ್ದರೆ ಎಲ್ಲೋ ತಪ್ಪಾಗಿದೆ.

ಇ. ಕೋಲಿ ಬಂತು ಎಂದಾಗ

ಅದೇ ದಿನ ಆ ನಲ್ಲಿ, ಅದರ ಮೇಲಿನ ಮನೆ, ಕೆಳಗಿನ ಮನೆ, ಟ್ಯಾಂಕಿನ ಇಳಿ ಕೊಳವೆ, ಹೀಗೆ ನಾಲ್ಕು ಮರುಮಾದರಿ. ಫಲಿತಾಂಶ ಬರುವವರೆಗೆ ಟ್ಯಾಂಕಿನ ಕ್ಲೋರಿನ್ ಏರಿಸಿ ತುದಿಯ ನಲ್ಲಿಯಲ್ಲಿ 0.5 ಕಾಣುವಂತೆ ಮಾಡಿ. ನೀರು ಕುದಿಯಲು ತೊಡಗಿದ ಮೇಲೆ ಒಂದು ನಿಮಿಷವಾದರೂ ಮರಳಿಸಿ ಕುಡಿಯಿರಿ ಎಂದು ಆಟೋದಲ್ಲಿ ಮೈಕ್ ಕಟ್ಟಿ ಸಾರಿ. ತೊಂದರೆ ನೈಟ್ರೇಟ್ ಅಥವಾ ಫ್ಲೋರೈಡ್‌ನದಾದರೆ ಕುದಿಸಿ ಎನ್ನಬೇಡಿ. ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ, ಅಲ್ಲಿ ಬೇಕಾದದ್ದು ಬೇರೆ ನೀರು.

ಸೋರಿಕೆ ಸಿಕ್ಕಿ ಪೈಪು ಬದಲಾಯಿಸಿದ ಮೇಲೆ ಆ ತುಂಡನ್ನು ಲೀಟರ್‌ಗೆ 50 ಮಿ.ಗ್ರಾಂ ಕ್ಲೋರಿನ್ ನೀರು ತುಂಬಿ 12 ಗಂಟೆಯಾದರೂ ಮುಚ್ಚಿಡಬೇಕು. 100 ಮಿ.ಮೀ. ವ್ಯಾಸದ 100 ಮೀಟರ್ ಪೈಪಿನಲ್ಲಿ 785 ಲೀಟರ್ ಹಿಡಿಯುತ್ತದೆ, ಅದಕ್ಕೆ 25% ಪೌಡರ್ ಸುಮಾರು 160 ಗ್ರಾಂ. ಆ ಹೊತ್ತಿನಲ್ಲಿ ಮನೆ ಸಂಪರ್ಕಗಳು ಬಂದ್ ಆಗಿರಬೇಕು, ಆಮೇಲೆ ಸ್ಕೌರ್ ವಾಲ್ವ್ (ಪೈಪಿನ ನೀರನ್ನು ಹೊರಗೆ ಖಾಲಿ ಮಾಡುವ ವಾಲ್ವ್) ತೆರೆದು ಡಿಪಿಡಿಯಲ್ಲಿ 1ಕ್ಕಿಂತ ಕೆಳಗೆ ಬರುವವರೆಗೆ ಹೊರಗೆ ಬಿಡಬೇಕು, ಕೆರೆಗೂ ಮೀನಿರುವ ಹಳ್ಳಕ್ಕೂ ಅಲ್ಲ. ರಸ್ತೆ ಮುಚ್ಚುವ ಮುಂಚೆ ಅದೇ ತುದಿಯಿಂದ ಸೂಕ್ಷ್ಮಾಣು ಮಾದರಿ ತೆಗೆಯಿರಿ, ಮುಂದಿನ ಸರದಿಯಲ್ಲಿ ನೀರು ಬಂದ ಮೊದಲ ಎರಡು ನಿಮಿಷದಲ್ಲಿ ಇನ್ನೊಂದು. ಎರಡೂ ಶುದ್ಧ ಬಂದರೆ ಆ ಓಣಿಯ ಹೆಸರನ್ನು ರಿಜಿಸ್ಟರ್‌ನ ತುರ್ತು ಪಟ್ಟಿಯಿಂದ ತೆಗೆದು, ಮೂರು ತಿಂಗಳು ಕಾಯಂ ಜಾಗಗಳ ಪಟ್ಟಿಗೆ ಸೇರಿಸಿ.